ಊರ ಸುದ್ದಿಗೆ ಅರ್ಧ ಗಂಟೆ ಸಾಕು, ಆದ್ರೆ...

ನ್ಯೂಸ್ ಚಾನೆಲ್‌ಗಳನ್ನ ಬೈಯೋದು ನಮಗೆಲ್ಲ ಸಲೀಸಾದ ಕೆಲಸ. ಕಿರುಚಾಟ, ಬ್ರೇಕಿಂಗ್ ನ್ಯೂಸು, ಜ್ಯೋತಿಷ್ಯ... ಪಟ್ಟಿ ಎಲ್ಲರಿಗೂ ಬಾಯಿಪಾಠ. ಈ ಬೈಯೋ ಭರದಲ್ಲಿ ಇನ್ನೊಂದು ಬಗೆಯ ಟಿವಿ ಸುದ್ದಿಯನ್ನ ನಾವು ಮರೆತೇಬಿಟ್ಟಿದ್ದೀವಿ ಅನ್ಸುತ್ತೆ. ಅದೇ ಊರಿನ ಕೇಬಲ್‌ನಲ್ಲಿ ರಾತ್ರಿ ಹೊತ್ತು ಬರೋ ಅರ್ಧ ಗಂಟೆ ಲೋಕಲ್ ವಾರ್ತೆ. ಹಿಂದೆ ಮಾಸಲು ಪರದೆ, ಮುಂದೆ ಕೋಟು ಸ್ವಲ್ಪ ದೊಡ್ಡದಾದ ವಾಚಕ, ನಡುನಡುವೆ ಬಟ್ಟೆ ಅಂಗಡಿ ಜಾಹೀರಾತು. ನಗು ಬರುತ್ತೆ, ನಿಜ. ಆದ್ರೂ ನನ್ನ ಪ್ರಕಾರ ಟಿವಿ ಸುದ್ದಿಯಲ್ಲಿ ಉಳಿಸಿಕೊಳ್ಳಬೇಕಾದ್ದು ಅಂತ ಏನಾದ್ರೂ ಇದ್ರೆ ಅದು ಇದೇ.

ಒಂದು ಸಣ್ಣ ಲೆಕ್ಕ ನೋಡಿ. ಬೆಂಗಳೂರು ದೂರದರ್ಶನ ಕೇಂದ್ರ ಶುರುವಾಗಿದ್ದು 1981ರಲ್ಲಿ. ಟಿವಿ9 ಕನ್ನಡ ಬಂದಿದ್ದು 2006ರಲ್ಲಿ. ಆಮೇಲೆ ಬಂದ ಚಾನೆಲ್‌ಗಳಲ್ಲೂ ಮುಖ್ಯವಾದವೆಲ್ಲ ಬೆಂಗಳೂರಿನಲ್ಲೇ ಬೇರು ಬಿಟ್ಟವು. ಈಗ ರಾಜ್ಯದಲ್ಲಿರೋದು 31 ಜಿಲ್ಲೆ. ಅರ್ಧ ಗಂಟೆಯಲ್ಲಿ ಜಾಹೀರಾತು ಕಳೆದು 22 ನಿಮಿಷ ಉಳಿಯಿತು ಅಂತಿಟ್ಟುಕೊಂಡು ಸಮನಾಗಿ ಹಂಚಿದ್ರೆ ಒಂದು ಜಿಲ್ಲೆಗೆ ಸಿಗೋದು 42 ಸೆಕೆಂಡು! ಅಷ್ಟರಲ್ಲಿ ನಿಮ್ಮ ಊರಿನ ಪುರಸಭೆಯ ನೀರಿನ ಟ್ಯಾಂಕು ಬರೋದುಂಟಾ? ಟ್ಯಾಂಕು ಕುಸಿದ್ರೆ ಬರುತ್ತೆ. ಸೋರ್ತಾ ಇದ್ರೆ ಬರಲ್ಲ. ಸೋರ್ತಾ ಇರೋವಾಗ್ಲೇ ಹೇಳೋಕೆ ಊರಿನೋರೇ ಬೇಕು.

ನನ್ನ ಸ್ನೇಹಿತನೊಬ್ಬ ಇಂಥದ್ದೊಂದು ವಾರ್ತೆಯನ್ನ ಕೆಲವು ವರ್ಷ ನಡೆಸಿದ. ಎರಡು ಕೋಣೆ, ಒಂದು ಕ್ಯಾಮೆರಾ, ನಾಲ್ಕು ಜನ. ನಾನು ಓದಿದ್ದು ಇಂಜಿನಿಯರಿಂಗು, ಪತ್ರಿಕೋದ್ಯಮ ಅಲ್ಲ. ಅವನ ಕಂಪ್ಯೂಟರು ಕೆಟ್ಟಾಗ್ಲೆಲ್ಲ ಹೋಗ್ತಿದ್ದೆ, ಹಾಗಾಗಿ ಒಳಗಿನ ಕೆಲಸ ಹತ್ತಿರದಿಂದ ನೋಡಿದೆ. ಅಲ್ಲಿ ಎಲ್ಲಕ್ಕಿಂತ ಮುಖ್ಯವಾದ ಕಾಗದ ಅಂದ್ರೆ ರನ್‌ಡೌನ್. ಯಾವ ಸುದ್ದಿ ಮೊದಲು, ಯಾವುದು ಆಮೇಲೆ, ಯಾವುದಕ್ಕೆ ಎಷ್ಟು ಸೆಕೆಂಡು, ವಾಚಕ ಬರೀ ಓದೋದು ಯಾವುದು, ದೃಶ್ಯದ ಮೇಲೆ ಓದೋದು ಯಾವುದು, ಬೈಟ್ ಎಲ್ಲಿ... ಎಲ್ಲ ಅದರಲ್ಲಿರುತ್ತೆ. ಇಂಗ್ಲೀಷಿನಲ್ಲಿ ನಿಮಿಷಕ್ಕೆ ಸುಮಾರು 150 ಪದ ಅಂತ ಲೆಕ್ಕ ಹಾಕ್ತಾರೆ. ಕನ್ನಡದಲ್ಲಿ ಆ ಲೆಕ್ಕ ಕೈ ಕೊಡುತ್ತೆ. 'ಮಾತನಾಡುತ್ತಿದ್ದರೆಂದು' ಅನ್ನೋದೂ ಒಂದೇ ಪದ, 'ಊರು' ಅನ್ನೋದೂ ಒಂದೇ ಪದ :) ಅದಕ್ಕೆ ಅವನು ಪದ ಎಣಿಸ್ತಿರಲಿಲ್ಲ, ಪ್ರಾಂಪ್ಟರ್‌ನಲ್ಲಿ ಸಾಲು ಎಣಿಸ್ತಿದ್ದ.

ಈ ರನ್‌ಡೌನ್ ಇದೆಯಲ್ಲ, ಅದು ಬರೀ ಪಟ್ಟಿ ಅಲ್ಲ ಸ್ವಾಮಿ, ಅಭಿಪ್ರಾಯ. ಶಾಸಕರು ಗುದ್ದಲಿಪೂಜೆ ಮಾಡಿದ್ದು ಮೊದಲೋ, ಹೋದ ವರ್ಷ ಗುದ್ದಲಿಪೂಜೆ ಆದ ರಸ್ತೆ ಇನ್ನೂ ಹಾಗೇ ಇರೋದು ಮೊದಲೋ? ಎರಡೂ ಸತ್ಯ ಸುದ್ದಿಗಳೇ. ಯಾವುದು ಮೇಲೆ ಬಂತು ಅನ್ನೋದರ ಮೇಲೆ ಮರುದಿನ ಬಸ್‌ಸ್ಟ್ಯಾಂಡಿನ ಮಾತು ಬದಲಾಗುತ್ತೆ.

ಇಲ್ಲೇ ದುಡ್ಡಿನ ಕಥೆ ಶುರು. ಟಿಆರ್‌ಪಿ ನೋಡಿ ಬರೋ ದೊಡ್ಡ ಕಂಪನಿಗಳ ಜಾಹೀರಾತು ಇಂಥ ಪುಟ್ಟ ಚಾನೆಲ್ ಕಡೆ ತಲೆ ಹಾಕಲ್ಲ. ಉಳಿಯೋದು ಬಟ್ಟೆ ಅಂಗಡಿ, ಚಿನ್ನದಂಗಡಿ, ಟ್ಯೂಷನ್ನು, ಮತ್ತೆ ಹಬ್ಬಕ್ಕೆ ಫೋಟೋ ಸಮೇತ ಶುಭಾಶಯ ಕೋರೋ ಮುಖಂಡರು, ಗುತ್ತಿಗೆದಾರರು. ಚರಂಡಿ ಕಟ್ಟಿದೋನೂ ಅವನೇ, ದೀಪಾವಳಿ ಶುಭಾಶಯ ಹೇಳೋನೂ ಅವನೇ. ಹಾಗಿದ್ಮೇಲೆ ಆ ಚರಂಡಿ ಸುದ್ದಿ ರನ್‌ಡೌನ್‌ನಲ್ಲಿ ಎಲ್ಲಿ ಕೂರುತ್ತೆ? ನನ್ನ ಸ್ನೇಹಿತ ಒಂದ್ಸಲ ಅದನ್ನ ಮೊದಲನೇ ಸುದ್ದಿ ಮಾಡಿದ. ಮುಂದಿನ ಹಬ್ಬಕ್ಕೆ ಶುಭಾಶಯ ಬರಲಿಲ್ಲ. ಯಾರೂ ಬೆದರಿಸಲಿಲ್ಲ, ಏನೂ ಇಲ್ಲ. ಸುಮ್ಮನೆ ಬರಲಿಲ್ಲ, ಅಷ್ಟೇ. ನಾಲ್ಕು ಜನರ ಸಂಬಳದಲ್ಲಿ ಒಬ್ಬರದ್ದು ಅಲ್ಲಿಗೆ ನಿಂತುಹೋಯ್ತು.

ಇನ್ನೊಂದು ಪೆಟ್ಟು ತಂತ್ರಜ್ಞಾನದ್ದು. ಅನಲಾಗ್ ಕಾಲದಲ್ಲಿ ಊರಿನ ಕೇಬಲ್‌ನವನು ತನ್ನ ಕಂಟ್ರೋಲ್ ರೂಮಿನಲ್ಲೇ ಒಂದು ಚಾನೆಲ್ ಸೇರಿಸಿಬಿಡ್ತಿದ್ದ. ಡಿಜಿಟಲೀಕರಣದ ನಾಲ್ಕನೇ ಹಂತದ ಗಡುವು 2017ರ ಮಾರ್ಚ್‌ಗೆ ಮುಗೀತು. ಅಲ್ಲಿಂದ ಸಿಗ್ನಲ್ಲು ದೊಡ್ಡ ಎಂಎಸ್‌ಒಗಳ ಹೆಡ್‌ಎಂಡ್‌ನಿಂದ ಎನ್‌ಕ್ರಿಪ್ಟ್ ಆಗಿ ಬರುತ್ತೆ, ಲೋಕಲ್ ಚಾನೆಲ್ ಬೇಕಂದ್ರೆ ಅವರನ್ನೇ ಕೇಳಬೇಕು. 2022ರ ನವೆಂಬರ್‌ನಲ್ಲಿ ಕೇಂದ್ರ ವಾರ್ತಾ ಇಲಾಖೆ ಹೊರಡಿಸಿದ ಮಾರ್ಗಸೂಚಿ ಪ್ರಕಾರ ಇಂಥ ಚಾನೆಲ್‌ಗಳು ಆಪರೇಟರ್‌ನ ಒಟ್ಟು ಚಾನೆಲ್ ಸಾಮರ್ಥ್ಯದ 5% ಮೀರಬಾರದು. ಸ್ಥಳೀಯ ಸುದ್ದಿ ಕೊಡೋ ಎಂಎಸ್‌ಒ ಕಂಪನಿಯಾಗಿ ನೋಂದಾಯಿಸಿರಲೇಬೇಕು. ಪ್ರಸಾರವಾದದ್ದರ ರೆಕಾರ್ಡಿಂಗ್ 90 ದಿನ ಇಟ್ಟಿರಬೇಕು. ಜವಾಬ್ದಾರಿ ಯಾರದ್ದು ಅಂತ ಗೊತ್ತಾಗೋದು ಒಳ್ಳೇದೇ, ನಾನು ಬೇಡ ಅನ್ನಲ್ಲ. ಆದ್ರೆ ಆ 90 ದಿನದ ಮಾತು ನೆನಪಿಟ್ಟುಕೊಳ್ಳಿ, ಮತ್ತೆ ಬರ್ತೀನಿ.

"ಈಗ ವಾಟ್ಸಾಪ್ ಇದೆಯಲ್ಲ ಗುರೂ, ಟಿವಿ ಯಾಕೆ?" ಅಂತ ಕೇಳ್ತೀರಿ. ವಾಟ್ಸಾಪ್‌ನಲ್ಲಿ ಘಟನೆ ಸಿಗುತ್ತೆ, ವಾರ್ತೆ ಸಿಗಲ್ಲ. ಫಾರ್ವರ್ಡ್ ಮಾಡಿದವನು ಮುಖ್ಯಾಧಿಕಾರಿಗೆ ಫೋನ್ ಮಾಡಿ "ನಿಮ್ಮ ಕಡೆ ಉತ್ತರ ಏನು ಸಾರ್?" ಅಂತ ಕೇಳಲ್ಲ. ತಪ್ಪಾದ್ರೆ ಮಾರನೇ ದಿನ ಅದೇ ಹೊತ್ತಿಗೆ, ಅದೇ ಮುಖ ಇಟ್ಕೊಂಡು ತಿದ್ದಲ್ಲ. ದಿನಾ ಬಂದು ಕೂರೋ ಗುರುತಿನ ಮನುಷ್ಯನೊಬ್ಬ ಇದ್ರೆ ಊರು ಅವನನ್ನ ಅಂಗಡಿ ಮುಂದೆ ನಿಲ್ಲಿಸಿ ಕೇಳುತ್ತೆ. ಆ ಹೆದರಿಕೆಯೇ ಲೋಕಲ್ ವಾರ್ತೆಯ ಗುಣಮಟ್ಟ ಕಾಯೋದು.

ಹಾಗಂತ ಮುಖ ಊರಿನದಾದ್ರೆ ಸಾಲದು, ಮಾತೂ ಊರಿನದಾಗಬೇಕು. 2018ರಲ್ಲಿ ಅಮೆರಿಕದಲ್ಲಿ ಏನಾಯ್ತು ನೆನಪಿದೆಯಾ? ಸಿಂಕ್ಲೇರ್ ಅನ್ನೋ ಕಂಪನಿಯ ಒಡೆತನದಲ್ಲಿದ್ದ ಹತ್ತಾರು ಲೋಕಲ್ ಸ್ಟೇಷನ್‌ಗಳ ವಾಚಕರು ಮೇಲಿಂದ ಬಂದ ಒಂದೇ ಸ್ಕ್ರಿಪ್ಟನ್ನ ಓದಿದ್ರು. ಯಾರೋ ಆ ತುಣುಕುಗಳನ್ನೆಲ್ಲ ಒಟ್ಟಿಗೆ ಜೋಡಿಸಿದಾಗ ಭಜನೆ ಥರ ಕೇಳಿಸ್ತು! ಪ್ರತಿ ಊರಿನೋರೂ ನಮ್ಮವನೇ ಮಾತಾಡ್ತಿದ್ದಾನೆ ಅಂದ್ಕೊಂಡಿದ್ರು. ನಮ್ಮಲ್ಲೂ ಊರ ಚಾನೆಲ್‌ಗಳು ಬೆಂಗಳೂರಿನ ಸಂಗೀತ, ಬೆಂಗಳೂರಿನ ಕಿರುಚಾಟ ನಕಲು ಮಾಡೋಕೆ ಹೊರಟಾಗ ನನಗೆ ಬೇಜಾರಾಗೋದು ಇದಕ್ಕೇ. ಮಂಗಳೂರಿನ 'ನಮ್ಮ ಕುಡ್ಲ' ತುಳುವಿನಲ್ಲೇ ವಾರ್ತೆ ಓದಿ ತೋರಿಸಿತು. ಅದು ನಕಲು ಮಾಡಿ ಬರೋ ಧೈರ್ಯ ಅಲ್ಲ.

ಈಗ ಆ 90 ದಿನಕ್ಕೆ ಬರೋಣ. ಗುದ್ದಲಿಪೂಜೆಯಾಗಿ ಒಂದು ವರ್ಷ ಆಯ್ತು ಅಂತ ತೋರಿಸೋಕೆ ಒಂದು ವರ್ಷದ ಹಿಂದಿನ ಸುದ್ದಿ ಬೇಕಲ್ವಾ? ಕಾನೂನು ಕೇಳೋದು ಮೂರು ತಿಂಗಳು ಮಾತ್ರ. ಹಾರ್ಡ್‌ಡಿಸ್ಕ್ ತುಂಬಿದ ಮೇಲೆ ವಿಡಿಯೋ ಅಳಿಸ್ತಾರೆ, ಊರಿನ ನೆನಪೂ ಅದರ ಜೊತೆಗೇ ಹೋಗುತ್ತೆ. ಆದ್ರೆ ಒಂದು ವಸ್ತು ಉಳಿದಿರುತ್ತೆ: ಪ್ರಾಂಪ್ಟರ್‌ಗೆ ಅಂತ ಟೈಪ್ ಮಾಡಿದ ಸ್ಕ್ರಿಪ್ಟು. ಇಡೀ ವಾರ್ತೆಯ ಪಠ್ಯ, ತಾರೀಖು ಸಮೇತ, ಕೆಲವೇ ಕೆಬಿ! ತೊಂದರೆ ಏನಂದ್ರೆ ನನ್ನ ಸ್ನೇಹಿತನ ಹತ್ರ ಇದ್ದದ್ದೆಲ್ಲ ಹಳೇ ನುಡಿ ಫಾಂಟಿನಲ್ಲಿತ್ತು. ಬೇರೆ ಕಂಪ್ಯೂಟರ್‌ನಲ್ಲಿ ತೆಗೆದ್ರೆ ಕಸದ ಥರ ಕಾಣುತ್ತೆ, ಹುಡುಕಿದ್ರೆ ಸಿಗಲ್ಲ. ಕೂತು ಯೂನಿಕೋಡ್‌ಗೆ ಪರಿವರ್ತಿಸಿದ್ವಿ. ಅರ್ಕಾವತ್ತು, ಒತ್ತಕ್ಷರ ಒಂದಿಷ್ಟು ಕಾಟ ಕೊಟ್ವು, ಆದ್ರೂ ಮುಗೀತು. ಆಮೇಲೆ 'ಚರಂಡಿ' ಅಂತ ಹುಡುಕಿದ್ರೆ ವಾರ್ಡು, ತಾರೀಖು, ಯಾರು ಏನು ಭರವಸೆ ಕೊಟ್ರು ಎಲ್ಲ ಸಾಲಾಗಿ ಬಂತು. ಆ ಪಟ್ಟಿ ನೋಡಿ ನಮ್ಮಿಬ್ಬರಿಗೂ ಮಾತೇ ಹೊರಡಲಿಲ್ಲ. ಅದರ ಮುಂದೆ ಯಾವ ಬ್ರೇಕಿಂಗ್ ನ್ಯೂಸೂ ನಿಲ್ಲಲ್ಲ ಬಿಡಿ.

ಅದಕ್ಕೇ ನಾನು ಹೇಳೋದು, ಊರ ವಾರ್ತೆಗೆ ಹೊಸ ಸ್ಟುಡಿಯೋ ಬೇಡ, ಡ್ರೋನೂ ಬೇಡ. ಮೂರು ನಿಯಮ ಸಾಕು. ವಾರಕ್ಕೊಮ್ಮೆ ಹಳೇ ಸುದ್ದಿಯೊಂದರ 'ಮುಂದೇನಾಯ್ತು' ಹೇಳಿ. ಸುದ್ದಿಯಲ್ಲಿರುವವರು ಜಾಹೀರಾತುದಾರರೂ ಆಗಿದ್ರೆ ಅದನ್ನ ಅಲ್ಲೇ ಒಂದು ಸಾಲಿನಲ್ಲಿ ಹೇಳಿಬಿಡಿ. ದಿನದ ಸ್ಕ್ರಿಪ್ಟನ್ನ ಯೂನಿಕೋಡ್‌ನಲ್ಲಿ ಅಂತರ್ಜಾಲಕ್ಕೆ ಹಾಕಿ. ಮೊದಲನೆಯದಕ್ಕೆ ಹಟ ಬೇಕು, ಎರಡನೆಯದಕ್ಕೆ ಧೈರ್ಯ. ಮೂರನೆಯದಕ್ಕೆ ಬೇಕಾಗಿರೋದು ನಮ್ಮಂಥೋರ ಒಂದು ಭಾನುವಾರ ಮಾತ್ರ. ನಿಮ್ಮೂರಲ್ಲಿ ಇನ್ನೂ ಲೋಕಲ್ ವಾರ್ತೆ ಬರ್ತಿದ್ಯಾ? ಬರ್ತಿದ್ರೆ ಅವರ ಹಳೇ ಫೈಲುಗಳು ಯಾವ ಫಾಂಟಿನಲ್ಲಿವೆ ಅಂತ ಒಮ್ಮೆ ಕೇಳಿ ನೋಡಿ. ನೀವೇನಂತೀರಿ?