ಯಾವುದರ ಬದಲಿಗೆ?

ಪ್ರೋಟೀನ್ ಹೃದಯಕ್ಕೆ ಹಿತವೆಂದು ಒಂದು ವಾರ, ಅಹಿತವೆಂದು ಮರುವಾರ ಪತ್ರಿಕೆಗಳಲ್ಲಿ ಓದುತ್ತೇವೆ. ಇದರಿಂದ ಬೇಸತ್ತು ‘ವಿಜ್ಞಾನಿಗಳ ಮಾತೇ ಇಷ್ಟು’ ಎಂದು ಕೈಚೆಲ್ಲುವವರಿದ್ದಾರೆ. ದುಬಾರಿ ಪುಡಿಯ ಡಬ್ಬಿ ಕೊಂಡು ತರುವವರೂ ಇದ್ದಾರೆ. ಎರಡೂ ಸರಿಯಲ್ಲ. ತೊಡಕು ಬಹುಮಟ್ಟಿಗೆ ಇರುವುದು ನಾವು ಸಂಶೋಧನೆಯನ್ನು ಓದುವ ಕ್ರಮದಲ್ಲಿ ಎಂಬುದು ನನ್ನ ಅಭಿಪ್ರಾಯ.

ಅಮೆರಿಕದಲ್ಲಿ 1976ರಲ್ಲಿ ಆರಂಭವಾದ ದಾದಿಯರ ಆರೋಗ್ಯ ಅಧ್ಯಯನವನ್ನೇ ನೋಡೋಣ. ಅದರ 84,000ಕ್ಕೂ ಹೆಚ್ಚು ಮಹಿಳೆಯರ 26 ವರ್ಷಗಳ ವಿವರಗಳನ್ನು ಆಧರಿಸಿದ ವರದಿಯೊಂದು 2010ರಲ್ಲಿ ಪ್ರಕಟವಾಯಿತು. ದಿನಕ್ಕೊಂದು ಪಾಲು ಕೆಂಪು ಮಾಂಸದ ಬದಲಿಗೆ ಒಂದು ಪಾಲು ಬಾದಾಮಿ, ಕಡಲೆಕಾಯಿಯಂತಹ ಕಾಯಿಬೀಜ ತಿಂದರೆ ಹೃದ್ರೋಗದ ಸಂಭವ ಶೇಕಡ 30ರಷ್ಟು ಕಡಿಮೆ ಎಂದು ಅದು ಅಂದಾಜು ಮಾಡಿತು.

ಈ ವಾಕ್ಯದ ಜೀವಾಳ ‘ಬದಲಿಗೆ’ ಎಂಬ ಪದ. ಮಾಂಸವನ್ನೇ ತಿನ್ನದವರಿಗೆ ಈ ಅಂಕಿ ಹಾಗೆಯೇ ಅನ್ವಯಿಸದು. ಹೊಟ್ಟೆ ತುಂಬ ಉಂಡ ಮೇಲೆ ಒಂದು ಹಿಡಿ ಕಡಲೆಕಾಯಿ ಸೇರಿಸಿಕೊಳ್ಳುವವರಿಗೂ ಅನ್ವಯಿಸದು. ಪ್ರೋಟೀನ್ ಎಂದೂ ಒಂಟಿಯಾಗಿ ಬರುವುದಿಲ್ಲ. ಮಾಂಸದೊಡನೆ ಜಿಡ್ಡು, ಬೇಳೆಯೊಡನೆ ನಾರು ಬರುತ್ತದೆ. ಗುಣವಾಗಲಿ ದೋಷವಾಗಲಿ ಯಾವುದರದ್ದೆಂದು ಬೇರ್ಪಡಿಸುವುದು ಸುಲಭವಲ್ಲ. ಮೇಲಾಗಿ ಇದು ಗಮನಿಸಿ ಬರೆದಿಟ್ಟ ಅಧ್ಯಯನ. ಇಂಥದ್ದನ್ನೇ ತಿನ್ನಿರೆಂದು ಯಾರಿಗೂ ಹಂಚಿಕೊಟ್ಟು ಮಾಡಿದ ಪ್ರಯೋಗವಲ್ಲ. ಕಾಯಿಬೀಜ ತಿನ್ನುವವರು ಹೆಚ್ಚು ನಡೆಯುವವರೂ ಧೂಮಪಾನ ಮಾಡದವರೂ ಆಗಿರಬಹುದು. ಸಂಶೋಧಕರು ಇಂತಹ ವ್ಯತ್ಯಾಸಗಳನ್ನು ಲೆಕ್ಕಕ್ಕೆ ಹಿಡಿಯುತ್ತಾರಾದರೂ ಪೂರ್ತಿ ಅಳಿಸಲಾರರು.

ಶೇಕಡ 30 ಎಂಬುದೂ ವಿವರಣೆ ಬೇಡುತ್ತದೆ. ಸಾವಿರದಲ್ಲಿ ಹತ್ತು ಜನರಿಗೆ ಬರಬಹುದಾದ ರೋಗ ಏಳು ಜನರಿಗೆ ಇಳಿದರೂ ಶೇಕಡ 30. ನೂರು ಜನರಿಂದ ಎಪ್ಪತ್ತಕ್ಕೆ ಇಳಿದರೂ ಶೇಕಡ 30. ಮೊದಲನೆಯದರಲ್ಲಿ ಉಳಿದುಕೊಂಡವರು ಮೂವರು, ಎರಡನೆಯದರಲ್ಲಿ ಮೂವತ್ತು ಮಂದಿ.

ಸೋಯಾ ಪ್ರೋಟೀನಿನ ಕಥೆಯೂ ಬೋಧಪ್ರದವಾಗಿದೆ. 38 ಪ್ರಯೋಗಗಳನ್ನು ಒಟ್ಟುಗೂಡಿಸಿದ 1995ರ ವಿಶ್ಲೇಷಣೆಯಲ್ಲಿ ಅದು ಕೆಟ್ಟ ಕೊಲೆಸ್ಟರಾಲನ್ನು ಸುಮಾರು ಶೇಕಡ 13ರಷ್ಟು ತಗ್ಗಿಸುವಂತೆ ಕಂಡಿತು. 1999ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ, ಸೋಯಾ ಹೃದಯಕ್ಕೆ ಹಿತವೆಂದು ಪೊಟ್ಟಣಗಳ ಮೇಲೆ ಅಚ್ಚುಹಾಕಲು ಅನುಮತಿಯಿತ್ತಿತು. ಆದರೆ 2006ರಲ್ಲಿ ಅಮೆರಿಕನ್ ಹೃದಯ ಸಂಘ 22 ಪ್ರಯೋಗಗಳನ್ನು ಪರಿಶೀಲಿಸಿದಾಗ ಇಳಿಕೆ ಸುಮಾರು ಶೇಕಡ 3 ಮಾತ್ರ! 2017ರಲ್ಲಿ ಆ ಆಡಳಿತವೇ ತನ್ನ ಅನುಮತಿಯನ್ನು ಹಿಂಪಡೆಯುವ ಪ್ರಸ್ತಾಪ ಮಂಡಿಸಿತು. ಆದರೂ ಹೃದಯ ಸಂಘವು ಸೋಯಾ ಆಹಾರವನ್ನು ತಳ್ಳಿಹಾಕಲಿಲ್ಲ; ಹೆಚ್ಚು ಜಿಡ್ಡಿನ ಪ್ರಾಣಿಜನ್ಯ ಆಹಾರದ ಬದಲಿಗೆ ಅದು ಒಳ್ಳೆಯದೆಂದೇ ಹೇಳಿತು. ಇಲ್ಲಿಯೂ ಅದೇ ‘ಬದಲಿಗೆ’!

ಇದನ್ನು ಚಂಚಲತೆಯೆಂದು ನಾನು ಕರೆಯಲಾರೆ. ಮಾಡಿದ ಲೆಕ್ಕವನ್ನು ಮತ್ತೆ ತಾಳೆ ನೋಡುವುದು ಪ್ರಾಮಾಣಿಕತೆಯ ಲಕ್ಷಣ. ಮೊದಲ ಸುದ್ದಿಗೇ ಊಟದ ಕ್ರಮ ಬದಲಿಸುವ ಅವಸರವಷ್ಟೇ ಕೂಡದು.

ನಮ್ಮ ದೇಶದ ಮಟ್ಟಿಗೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಪ್ರಕಟಿಸಿದ ಮಾರ್ಗಸೂಚಿ ಪ್ರೋಟೀನ್ ಪುಡಿಗಳನ್ನು ದೂರವಿಡುವಂತೆ ಸಲಹೆ ನೀಡಿದೆ. ಆರೋಗ್ಯವಂತ ವಯಸ್ಕರಿಗೆ ಅದು ಹೇಳುವ ಪ್ರಮಾಣ ಒಂದು ಕಿಲೋ ದೇಹತೂಕಕ್ಕೆ ದಿನಕ್ಕೆ 0.83 ಗ್ರಾಂ; ಅಂದರೆ 60 ಕಿಲೋ ತೂಕದವರಿಗೆ ಸುಮಾರು 50 ಗ್ರಾಂ. ಧಾನ್ಯ, ಬೇಳೆಕಾಳು, ಹಾಲು–ಮೊಸರುಗಳು ಹದವಾಗಿ ಕೂಡಿದ ಊಟದಲ್ಲಿ ಇದು ದೊರೆಯುತ್ತದೆ. ಮೂತ್ರಪಿಂಡದ ತೊಂದರೆಯಿರುವವರು ಮಾತ್ರ ತಮ್ಮ ವೈದ್ಯರ ಮಾತನ್ನೇ ಅನುಸರಿಸಬೇಕು.

ಆದ್ದರಿಂದ ಇನ್ನು ಮುಂದೆ ಇಂತಹ ಸುದ್ದಿ ಓದುವಾಗ ಕೇಳಿಕೊಳ್ಳೋಣ: ಯಾವುದರ ಬದಲಿಗೆ? ಎಷ್ಟು ಜನರಲ್ಲಿ ಎಷ್ಟು ಮಂದಿಗೆ? ಇದು ಪ್ರಯೋಗವೋ, ಬರಿಯ ಗಮನಿಕೆಯೋ? ಉತ್ತರ ಸುದ್ದಿಯಲ್ಲಿ ಸಿಗದಿದ್ದರೆ ಅಂಗಡಿಗೆ ಓಡುವ ಅಗತ್ಯವಿಲ್ಲ.