ಯಾರಾದರೂ ಮಾಡುತ್ತಾರೆ ಬಿಡಿ!



ಭಾನುವಾರದ ಬಲಿಪೂಜೆಯ ಕೊನೆಯಲ್ಲಿ ಪ್ರಕಟಣೆಗಳನ್ನು ಓದುತ್ತಾರೆ. ಧರ್ಮೋಪದೇಶ ತರಗತಿಗೆ ಶಿಕ್ಷಕರು ಬೇಕಾಗಿದ್ದಾರೆ. ರೋಗಿಗಳ ಭೇಟಿಗೆ ಬರುವವರು ಹೆಸರು ಕೊಡಿ. ಈ ವಾರದ ಅನ್ಬಿಯಂ ಕೂಟ ಇಂಥವರ ಮನೆಯಲ್ಲಿ. ನಾವು ಎಲ್ಲವನ್ನೂ ಭಕ್ತಿಯಿಂದ ಕೇಳುತ್ತೇವೆ. 'ಒಳ್ಳೆಯ ಕೆಲಸ, ಯಾರಾದರೂ ಮಾಡುತ್ತಾರೆ ಬಿಡಿ' ಎಂದುಕೊಂಡು ಬೈಕಿನ ಬೀಗದ ಕೈಗಾಗಿ ಜೇಬು ತಡಕುತ್ತೇವೆ. ನಾನೂ ಹಾಗೆಯೇ ಮಾಡಿದವನು. ಆದ್ದರಿಂದ ಈ ತಿಂಗಳು ಬೇರೆಯವರಿಗೆ ಉಪದೇಶ ಹೇಳುವ ಮುಂಚೆ ನನ್ನದೇ ಒಂದು ತಪ್ಪನ್ನು ನಿಮ್ಮ ಮುಂದಿಡುತ್ತೇನೆ.

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ದೇವಾಲಯದ ಕೊನೆಯ ಬೆಂಚಿನಲ್ಲಿ, ಬಾಗಿಲ ಪಕ್ಕದಲ್ಲಿ, ಒಂದು ಎಳೆಯ ದಂಪತಿ ಬಂದು ಕೂರುತ್ತಿದ್ದರು. ಉತ್ತರದ ಕಡೆಯವರು, ಸಿಪ್ಕಾಟ್‌ನ ಯಾವುದೋ ಕಾರ್ಖಾನೆಗೆ ಗುತ್ತಿಗೆ ಕೆಲಸಕ್ಕೆ ಬಂದವರು ಎಂದು ನೋಡಿದರೇ ತಿಳಿಯುತ್ತಿತ್ತು. ತಾಯಿಯ ಕೈಯಲ್ಲಿ ಹಸುಗೂಸು. ನಮ್ಮ ತಮಿಳು ಪೂಜೆಯ ಒಂದು ಮಾತೂ ಅವರಿಗೆ ಅರ್ಥವಾಗುತ್ತಿರಲಿಲ್ಲ. ಆದರೂ ಮಂಡಿಯೂರುವ ಹೊತ್ತಿಗೆ ಮಂಡಿಯೂರುತ್ತಿದ್ದರು, ಶಿಲುಬೆಯ ಗುರುತನ್ನು ನಿಧಾನವಾಗಿ ಹಾಕಿಕೊಳ್ಳುತ್ತಿದ್ದರು. ಮೂರು ನಾಲ್ಕು ತಿಂಗಳು ಪ್ರತಿ ಭಾನುವಾರ ನಾನು ಅವರನ್ನು ನೋಡಿದೆ. ಮಾತನಾಡಿಸಬೇಕು ಎಂದು ಪ್ರತಿ ಸಲವೂ ಅನ್ನಿಸಿತು. ನನಗೆ ಹರಕುಮುರುಕು ಹಿಂದಿ ಬರುತ್ತದೆ. ಆದರೂ 'ಅನ್ಬಿಯಂನವರು ವಿಚಾರಿಸಿರುತ್ತಾರೆ, ಇಲ್ಲವಾದರೆ ಫಾದರ್ ನೋಡಿಕೊಳ್ಳುತ್ತಾರೆ' ಎಂದು ಸುಮ್ಮನಾದೆ.

ಆಮೇಲೆ ಅವರು ಕಾಣಲಿಲ್ಲ. ಊರಿಗೆ ಹೋಗಿರಬೇಕು ಎಂದುಕೊಂಡೆ. ಕೆಲವು ವಾರಗಳ ನಂತರ ಅವರಿಗೆ ಬಾಡಿಗೆಗೆ ಕೋಣೆ ಕೊಟ್ಟಿದ್ದವರು ಅಂಗಡಿಯಲ್ಲಿ ಸಿಕ್ಕಿದರು. ಹಿಂದೂ ಸಹೋದರರು, ನನಗೆ ಮುಖಪರಿಚಯ. ಮಗು ಜ್ವರದಿಂದ ತೀರಿಕೊಂಡಿತೆಂದೂ, ರಾತ್ರಿ ಆಸ್ಪತ್ರೆಗೆ ಓಡಿದವರು, ಮಣ್ಣು ಮಾಡಲು ನಿಂತವರು ತಾವೇ ಎಂದೂ ಹೇಳಿದರು. ಮಗುವಿಗೆ ಇನ್ನೂ ಸ್ನಾನದೀಕ್ಷೆ ಆಗಿರಲಿಲ್ಲವಂತೆ. ಇಲ್ಲಿ ಯಾರನ್ನು ಕೇಳಬೇಕು ಎಂದು ಆ ತಂದೆತಾಯಿಗೆ ತಿಳಿದಿರಲಿಲ್ಲ. ಕೊನೆಗೆ ಅವರು ಕೇಳಿದ ಒಂದು ಮಾತು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ: "ಏನಣ್ಣಾ, ಪ್ರತಿ ಭಾನುವಾರ ನಿಮ್ ಚರ್ಚ್‌ಗೇ ಬರ್ತಿದ್ರಲ್ಲಾ, ನಿಮಗೆ ಗೊತ್ತಿರಲಿಲ್ವಾ?"

ಆ ಕೂಸನ್ನು ಧರ್ಮಸಭೆ ದೇವರ ಕರುಣೆಗೆ ಒಪ್ಪಿಸುತ್ತದೆ, ನಾನೂ ಒಪ್ಪಿಸಿದ್ದೇನೆ. ಅದರ ಬಗ್ಗೆ ನನಗೆ ಭಯವಿಲ್ಲ. ನನ್ನ ಬಗ್ಗೆಯೇ ಭಯ. ಆದಿಕಾಂಡದಲ್ಲಿ ದೇವರು ಪ್ರಶ್ನಿಸಿದಾಗ ಆದಾಮ ಹವ್ವಳನ್ನು ತೋರಿಸಿದ, ಹವ್ವ ಸರ್ಪವನ್ನು ತೋರಿಸಿದಳು. ಕಾಯಿನ ತಮ್ಮನನ್ನು ಕಾಯುವುದು ತನ್ನ ಕೆಲಸವೇ ಎಂದು ಎದುರು ಪ್ರಶ್ನೆ ಹಾಕಿದ. ನಾನು ಅನ್ಬಿಯಂನತ್ತ, ಗುರುಗಳತ್ತ ಬೆರಳು ತೋರಿಸಿದ್ದಕ್ಕೂ ಇದಕ್ಕೂ ಏನು ವ್ಯತ್ಯಾಸ?

ಪ್ರಿಯರೇ, ಶುಭಸಂದೇಶ ಸಾರುವುದು ಗುರುಗಳ, ಸಿಸ್ಟರುಗಳ ಕೆಲಸ, ನಮ್ಮದು ಕಾಣಿಕೆ ಹಾಕುವುದು ಮಾತ್ರ ಎಂಬ ಎಣಿಕೆ ಎಲ್ಲಿಂದ ಬಂತೋ ಗೊತ್ತಿಲ್ಲ, ಪವಿತ್ರ ಗ್ರಂಥದಿಂದಲಂತೂ ಬಂದಿಲ್ಲ. ಪ್ರೇಷಿತರ ಕಾರ್ಯಕಲಾಪಗಳ 18ನೇ ಅಧ್ಯಾಯ ತೆರೆದು ನೋಡಿ. ಅಕ್ವಿಲ ಮತ್ತು ಪ್ರಿಸ್ಕಿಲ್ಲ ಎಂಬ ಗಂಡಹೆಂಡಿರು ಸಿಗುತ್ತಾರೆ. ಗುಡಾರ ಹೊಲಿದು ಬದುಕಿದವರು. ಕ್ಲಾಡಿಯಸ್ ಚಕ್ರವರ್ತಿ ಯೆಹೂದ್ಯರನ್ನು ರೋಮಿನಿಂದ ಹೊರಡಿಸಿದಾಗ ಊರು ಬಿಟ್ಟು ಕೊರಿಂಥಕ್ಕೆ ಬಂದವರು. ಇಂದಿನ ಮಾತಿನಲ್ಲಿ ವಲಸೆ ಕಾರ್ಮಿಕರು. ಸಂತ ಪೌಲರು ಉಳಿದುಕೊಂಡದ್ದು ಅವರ ಮನೆಯಲ್ಲಿ. ಮುಂದೆ ಎಫೆಸದಲ್ಲಿ ಅಪೊಲ್ಲೋಸ್ ಎಂಬ ವಿದ್ವಾಂಸನ ಅರಿವಿನಲ್ಲಿ ಕೊರತೆ ಕಂಡಾಗ, ಆತನನ್ನು ಕರೆದುಕೊಂಡು ಹೋಗಿ ದೇವರ ಮಾರ್ಗವನ್ನು ವಿವರಿಸಿ ಹೇಳಿದವರೂ ಇವರೇ. ಪೌಲರು ಬರಲಿ ಎಂದು ಕಾಯಲಿಲ್ಲ.

ಇಷ್ಟು ದೂರ ಹೋಗುವುದೂ ಬೇಡ. ನಮ್ಮ ತಮಿಳುನಾಡಿನ ಮಣ್ಣಿನಲ್ಲೇ ರಕ್ತ ಸುರಿಸಿದ ದೇವಸಹಾಯಂ ಅವರನ್ನು 2022ರ ಮೇ 15ರಂದು ಜಗದ್ಗುರು ಫ್ರಾನ್ಸಿಸ್‌ರವರು ಸಂತರೆಂದು ಘೋಷಿಸಿದರು. ಅವರು ಗುರುವಲ್ಲ, ಸನ್ಯಾಸಿಯೂ ಅಲ್ಲ. ಹೆಂಡತಿಯಿದ್ದ ಗೃಹಸ್ಥರು, ತಿರುವಾಂಕೂರು ಅರಸರ ನೌಕರರು. ಅವರಿಗೆ ಕ್ರಿಸ್ತರ ಪರಿಚಯ ಮಾಡಿಸಿದವರು ಯಾರು ಬಲ್ಲಿರಾ? ಡಿ ಲನ್ನಾಯ್ ಎಂಬ ಸೈನ್ಯಾಧಿಕಾರಿ. 1741ರ ಕೊಳಚ್ಚಲ್ ಯುದ್ಧದಲ್ಲಿ ಸೋತು ಸೆರೆಯಾಗಿ, ಆಮೇಲೆ ಅದೇ ಅರಸರ ಸೈನ್ಯದಲ್ಲಿ ಸೇವೆಗೆ ನಿಂತವರು. ತಮ್ಮೊಡನೆ ಕೆಲಸ ಮಾಡುವ ನೀಲಕಂಠ ಪಿಳ್ಳೆಯವರು ನಷ್ಟ, ಚಿಂತೆಗಳಿಂದ ಕುಗ್ಗಿರುವುದನ್ನು ಕಂಡು ವಿಚಾರಿಸಿದರು, ಯೋಬನ ಕಥೆ ಹೇಳಿದರು. ಅಲ್ಲಿಂದ ಆರಂಭವಾದದ್ದು 1745ರ ಸ್ನಾನದೀಕ್ಷೆಗೆ, 1752ರ ರಕ್ತಸಾಕ್ಷಿತ್ವಕ್ಕೆ ಮುಟ್ಟಿತು. ಕೆಲಸದ ಜಾಗದಲ್ಲಿ ಒಬ್ಬರು ಇನ್ನೊಬ್ಬರನ್ನು 'ಯಾಕೆ ಹೀಗಿದ್ದೀರಿ?' ಎಂದು ಕೇಳಿದ್ದೇ ಮೂಲ.

ನಮ್ಮ ಗಡಿನಾಡಿನ ವಿಶ್ವಾಸದ ಕಥೆಯೂ ಬೇರೆಯಲ್ಲ. 17ನೇ ಶತಮಾನದಿಂದ ಮೈಸೂರು ಮಿಷನ್ನಿನ ಯೇಸುಸಭೆಯ ಗುರುಗಳು ಈ ಸೀಮೆಯಲ್ಲಿ ದುಡಿದರು. 1773ರಲ್ಲಿ ಯೇಸುಸಭೆಯನ್ನೇ ರದ್ದು ಮಾಡಿದಾಗ ಗುರುಗಳ ಕೊರತೆ ಇನ್ನಷ್ಟು ಹೆಚ್ಚಿತು. ಇದ್ದ ಕೆಲವೇ ಗುರುಗಳು ಊರೂರು ಅಲೆಯಬೇಕಾಗಿತ್ತು. ಅವರು ಮತ್ತೆ ಬರುವ ತನಕ ಜಪ ಹೇಳಿಸಿದವರು, ಮಕ್ಕಳಿಗೆ ಕಲಿಸಿದವರು, ಸಾಯುವವರ ತಲೆದೆಸೆಯಲ್ಲಿ ಕೂತು ಪ್ರಾರ್ಥಿಸಿದವರು ಉಪದೇಶಿಗಳು ಮತ್ತು ಮನೆಯ ಹಿರಿಯರು. ಮುಂದೆ 1930ರಲ್ಲಿ ಸೇಲಂ ಧರ್ಮಕ್ಷೇತ್ರವಾಯಿತು, 1997ರಲ್ಲಿ ಧರ್ಮಪುರಿ ಧರ್ಮಕ್ಷೇತ್ರವಾಯಿತು, 2004ರಲ್ಲಿ ಕೃಷ್ಣಗಿರಿ ಜಿಲ್ಲೆಯಾಯಿತು. ಗಡಿಗಳು ಬದಲಾದರೂ ವಿಶ್ವಾಸ ಉಳಿಯಿತು. ಅದನ್ನು ಉಳಿಸಿದವರಲ್ಲಿ ಎಷ್ಟೋ ಜನರ ಹೆಸರು ಯಾವ ದಾಖಲೆಯಲ್ಲೂ ಇಲ್ಲ.

ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಶ್ರೀಸಾಮಾನ್ಯರ ಪ್ರೇಷಿತ ಕಾರ್ಯಕ್ಕಾಗಿಯೇ ಒಂದು ಪ್ರತ್ಯೇಕ ಆದೇಶಪತ್ರ ಹೊರಡಿಸಿತು. ಸ್ನಾನದೀಕ್ಷೆ, ದೃಢೀಕರಣ ಪಡೆದವರಿಗೆ ಈ ಕೆಲಸವನ್ನು ಒಪ್ಪಿಸಿದವರು ಸ್ವತಃ ಕ್ರಿಸ್ತರೇ ಎಂಬುದು ಅದರ ಬೋಧನೆ. ಅಂದರೆ ಫಾದರ್ ಕರೆದು ಹೇಳಲಿ ಎಂದು ಕಾಯಬೇಕಾಗಿಲ್ಲ. ಅದೇ ವರ್ಷದ ಇನ್ನೊಂದು ಆದೇಶಪತ್ರ, ಯಾರನ್ನೂ ಬಲವಂತದಿಂದಾಗಲಿ ಆಮಿಷದಿಂದಾಗಲಿ ವಿಶ್ವಾಸಕ್ಕೆ ಎಳೆಯಕೂಡದು ಎಂದು ಕಟ್ಟುನಿಟ್ಟಾಗಿ ಹೇಳಿದೆ. ಹಾಗಾಗಿ ಸಾಕ್ಷಿ ಎಂದರೆ ಬೀದಿಯಲ್ಲಿ ಕೂಗುವುದಲ್ಲ, ವಾದ ಮಾಡಿ ಗೆಲ್ಲುವುದಲ್ಲ. ನಮ್ಮಲ್ಲಿರುವ ನಂಬಿಕೆಗೆ ಕಾರಣವೇನೆಂದು ಯಾರಾದರೂ ಕೇಳುವಂತೆ ಬದುಕುವುದು, ಕೇಳಿದಾಗ ಸೌಮ್ಯವಾಗಿ ಉತ್ತರಿಸುವುದು. ಸಂತ ಪೇತ್ರರು ಕಲಿಸಿದ್ದು ಇದನ್ನೇ. ಆ ಮನೆಯ ಒಡೆಯರಿಗೆ ಅಂದು ನನ್ನ ಬದುಕು ಕೊಟ್ಟ ಉತ್ತರವೇನು? ಸಮಾರ್ಯದವನ ಸಾಮತಿಯನ್ನು ಓದಿದವನು ನಾನು, ಬದುಕಿ ತೋರಿಸಿದವರು ಅವರು.

ಹಾಗಾದರೆ ಮಾಡುವುದೇನು? ನೆಹೆಮೀಯನ ಗ್ರಂಥದ 3ನೇ ಅಧ್ಯಾಯದಲ್ಲಿ ಜೆರುಸಲೇಮಿನ ಗೋಡೆ ಕಟ್ಟಿದ ಪಟ್ಟಿ ಇದೆ. ಅವರಲ್ಲಿ ಹಲವರು ತಮ್ಮ ತಮ್ಮ ಮನೆಯ ಮುಂದಿನ ಭಾಗವನ್ನು ಕಟ್ಟಿದರು. ಊರಿನ ಇಡೀ ಗೋಡೆಯನ್ನು ಒಬ್ಬನೇ ಕಟ್ಟಲಾರ, ಮನೆಯ ಮುಂದಿನದನ್ನು ಕಟ್ಟಬಲ್ಲ.

ಮೊದಲು ಮನೆ. ನಮ್ಮ ಕನ್ನಡ ಮನೆಗಳ ಮಕ್ಕಳು ಶಾಲೆಯಲ್ಲಿ ತಮಿಳು, ಇಂಗ್ಲಿಷ್ ಓದುತ್ತಾರೆ. ಅಜ್ಜಿಯ ಬಾಯಿಂದ ಕೇಳಿದ ಕನ್ನಡ ಜಪಗಳು ಅಜ್ಜಿಯೊಡನೆಯೇ ಹೋಗುತ್ತಿವೆ. ರಾತ್ರಿ ಹತ್ತು ನಿಮಿಷ ಟಿವಿ ನಿಲ್ಲಿಸಿ, ಫೋನು ಪಕ್ಕಕ್ಕಿಟ್ಟು ಮಕ್ಕಳೊಡನೆ ಕೂತು ಜಪ ಹೇಳಲು ಯಾವ ತರಬೇತಿಯೂ ಬೇಡ. ಮಕ್ಕಳಿಗೆ ಮೊದಲ ಉಪದೇಶಿಗಳು ತಂದೆತಾಯಿಗಳೇ.

ಎರಡನೆಯದು ಬೆಂಚು. ನಮ್ಮ ಹಿಂದೆ, ಪಕ್ಕದಲ್ಲಿ ಕೂತ ಹೊಸಬರ ಹೆಸರು, ಮನೆ ಎಲ್ಲಿ ಎಂದು ಕೇಳೋಣ. ಭಾಷೆ ಬಾರದಿದ್ದರೆ ನಗು ಸಾಕು.

ಮೂರನೆಯದು ಅರಿವು. ಸಾವಿನ ಅಪಾಯವಿರುವಾಗ, ಗುರುಗಳು ಸಿಗದಿದ್ದಾಗ, ಯಾರು ಬೇಕಾದರೂ ಧರ್ಮಸಭೆಯ ಉದ್ದೇಶದಿಂದ ಮಗುವಿನ ತಲೆಯ ಮೇಲೆ ನೀರು ಹೊಯ್ದು, ಪಿತನ, ಸುತನ, ಪವಿತ್ರಾತ್ಮರ ನಾಮದಲ್ಲಿ ಸ್ನಾನದೀಕ್ಷೆ ಕೊಡಬಹುದು. 1983ರ ಧರ್ಮಸಭೆಯ ಕಾನೂನು ಸಂಹಿತೆಯ 861ನೇ ವಿಧಿ ಇದನ್ನು ಹೇಳುತ್ತದೆ. ನಮ್ಮ ಮನೆಗಳಲ್ಲಿ ಎಷ್ಟು ಮಂದಿಗೆ ಇದು ಗೊತ್ತು?

ಆ ದಂಪತಿಯನ್ನು ನಾನು ಮತ್ತೆ ನೋಡಲಿಲ್ಲ. ಈಗ ಭಾನುವಾರಗಳಲ್ಲಿ ನಾನು ಕೊನೆಯ ಬೆಂಚಿನಲ್ಲಿ, ಬಾಗಿಲ ಪಕ್ಕದಲ್ಲಿ ಕೂರುತ್ತೇನೆ. ಪೂಜೆ ಮುಗಿದ ಕೂಡಲೇ ಮೊದಲು ಹೊರಗೆ ಹೋಗುವವರು ಅಲ್ಲಿ ಕೂತವರೇ. ಅವರು ಮೆಟ್ಟಿಲಿಳಿಯುವುದರೊಳಗೆ ಹೆಸರು ಕೇಳಿಬಿಡಬೇಕು. ಹೋದ ತಿಂಗಳು ಒಬ್ಬ ಹುಡುಗ ಹೆಸರು ಹೇಳಿ, ನನ್ನ ಕೈ ಹಿಡಿದುಕೊಂಡು, "ಅಂಕಲ್, ಇಲ್ಲಿಗೆ ಬಂದ ಮೇಲೆ ಹೆಸರು ಕೇಳಿದವರು ನೀವೇ ಮೊದಲು" ಎಂದ. ಬಂದು ಎಷ್ಟು ದಿನವಾಯಿತು ಎಂದು ಕೇಳಿದೆ. ಎಂಟು ತಿಂಗಳು ಎಂದ.

ಈ ಭಾನುವಾರ ನಿಮ್ಮ ಪಕ್ಕದಲ್ಲಿ ಯಾರು ಕೂರುತ್ತಾರೋ ನೋಡಿ. ಅವರನ್ನು ಯಾರಾದರೂ ಮಾತನಾಡಿಸುತ್ತಾರೆ ಎಂದು ಬಿಟ್ಟುಬಿಡಬೇಡಿ. ಆ 'ಯಾರಾದರೂ' ನೀವೇ ಆಗುವ ಕೃಪೆಯನ್ನು ಪ್ರಭು ನಿಮಗೆ ಕೊಡಲಿ.