ರೂಪಾಯಿ ನೆಲಕ್ಕೆ ಹತ್ತು ಪೈಸೆ

ಕೃಷ್ಣಗಿರಿಯ ಮಾವಿನ ತೋಪಿನಲ್ಲಿ ಅನಿಲದ ಕೊಳವೆ ಹಾಯಬೇಕೆಂದರೆ 20 ಮೀಟರ್ ಅಗಲದ ಪಟ್ಟಿಯಲ್ಲಿ ಮರ ಉಳಿಯುವಂತಿಲ್ಲ. ಮತ್ತೆ ನೆಡುವಂತಿಲ್ಲ, ಬಾವಿ ತೋಡುವಂತಿಲ್ಲ, ಮನೆ ಕಟ್ಟುವಂತಿಲ್ಲ. ಪಟ್ಟಾ ಮಾತ್ರ ರೈತನ ಹೆಸರಿನಲ್ಲೇ ಇರುತ್ತದೆ! ಕಡಿದ ಮರಕ್ಕೆ ಬೇರೆ ಲೆಕ್ಕವುಂಟು. ನೆಲದ ಹಕ್ಕು ಮೊಟಕಾದದ್ದಕ್ಕೆ 1962ರ ಪೆಟ್ರೋಲಿಯಂ ಕೊಳವೆ ಮಾರ್ಗ ಕಾಯ್ದೆ ಗೊತ್ತುಮಾಡಿರುವುದು ಮಾರುಕಟ್ಟೆ ಬೆಲೆಯ ಶೇ. 10, ಒಮ್ಮೆ ಕೊಟ್ಟರೆ ಮುಗಿಯಿತು. ಕೊಚ್ಚಿಯಿಂದ ಬೆಂಗಳೂರಿಗೆ ಅನಿಲ ತರುವ, ಕೇಂದ್ರ ಸರ್ಕಾರದ ಗೇಲ್ ಕಂಪನಿಯ ಯೋಜನೆ ತಮಿಳುನಾಡಿನಲ್ಲಿ ವರ್ಷಗಟ್ಟಲೆ ಕಗ್ಗಂಟಾದದ್ದಕ್ಕೆ ಈ ಕಾಯ್ದೆ ಕಾರಣವೇ ಹೊರತು ರೈತರ ಹಟವಲ್ಲ.

2013ರಲ್ಲಿ ಜಯಲಲಿತಾ ಸರ್ಕಾರ ಕೊಯಮತ್ತೂರಿನಿಂದ ಕೃಷ್ಣಗಿರಿವರೆಗಿನ ಏಳು ಜಿಲ್ಲೆಗಳ ರೈತರ ಅಹವಾಲು ಕೇಳಿ, ಹೊಲ ಬಿಟ್ಟು ಹೆದ್ದಾರಿ ಪಕ್ಕ ಕೊಳವೆ ಹಾಕಿ ಎಂದಿತು. ಅದೇ ನವೆಂಬರಿನಲ್ಲಿ ಮದ್ರಾಸ್ ಹೈಕೋರ್ಟ್ ಆ ಆದೇಶವನ್ನು ರದ್ದುಮಾಡಿತು. 2016ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಹೈಕೋರ್ಟಿನ ತೀರ್ಪನ್ನೇ ಎತ್ತಿಹಿಡಿಯಿತು. ಕಾನೂನಿನ ಮಟ್ಟಿಗೆ ಅದು ಸರಿ, ಅಂತರರಾಜ್ಯ ಪೆಟ್ರೋಲಿಯಂ ಕೊಳವೆ ಕೇಂದ್ರದ ಬಾಬತ್ತು. ಆದರೆ ಅಧಿಕಾರ ಯಾರದೆಂದು ತೀರ್ಮಾನವಾದ ಮಾತ್ರಕ್ಕೆ ರೈತನ ಬಾಕಿ ತೀರುವುದಿಲ್ಲ. ಚೆನ್ನೈ ಮಾಡಿದ ತಪ್ಪೂ ಚಿಕ್ಕದಲ್ಲ: ದಾರಿ ತಿರುಗಿಸಿ ಎಂಬ ಪಟ್ಟಿಗೆ ಹಾಕಿದಷ್ಟು ಬಲವನ್ನು ದರದ ಚೌಕಾಸಿಗೆ ಹಾಕಲಿಲ್ಲ. ಕೇರಳ 2017ರಲ್ಲಿ ಮುಕ್ಕಂನಲ್ಲಿ ಕೊಳವೆ ವಿರೋಧಿಸಿದವರ ಮೇಲೆ ಲಾಠಿ ಬೀಸಿತು, ಅದು ಖಂಡನೀಯವೇ. ಆಮೇಲಾದರೂ ನೆಲದ ಪರಿಹಾರವನ್ನು ದುಪ್ಪಟ್ಟು ಮಾಡಿತು. ಕೊಚ್ಚಿಯಿಂದ ಕಾಸರಗೋಡು ದಾಟಿ ಮಂಗಳೂರು ಮುಟ್ಟುವ 450 ಕಿ.ಮೀ. ಮಾರ್ಗ 2021ರ ಜನವರಿ 5ರಂದು ಉದ್ಘಾಟನೆಯಾಯಿತು.

ಇನ್ನು ಬೆಂಗಳೂರು. ಮಹಾರಾಷ್ಟ್ರದ ದಾಭೋಲ್‌ನಿಂದ ಅನಿಲ ತರುವ ಮಾರ್ಗ 2013ರಲ್ಲೇ ಸಿದ್ಧವಾದ್ದರಿಂದ ಈ ನಗರಕ್ಕೆ ಕೊಚ್ಚಿಯ ಅನಿಲದ ಅವಸರವಿರಲಿಲ್ಲವೇನೋ. ಅದಕ್ಕೆ ಗಡಿಯಾಚೆಯ ಹೊಸೂರು ನೆನಪಾಗುವುದೇ ಮೆಟ್ರೊ, ವಿಮಾನ ನಿಲ್ದಾಣದ ತಕರಾರು ಎದ್ದಾಗ. ಎರಡು ರಾಜ್ಯಗಳು ಹಂಚಿಕೊಂಡು ಬಾಳುವುದು ಹೊಸದೇನಲ್ಲ: ಕೂಡಂಕುಳಂ ವಿದ್ಯುತ್ತಿನಲ್ಲಿ ಕರ್ನಾಟಕಕ್ಕೆ ಪಾಲುಂಟು, ಕೈಗಾ ವಿದ್ಯುತ್ತಿನಲ್ಲಿ ತಮಿಳುನಾಡಿಗೆ. ಕಾವೇರಿ ಕಾವೇರಿದ ದಿನಗಳಲ್ಲೂ ಆ ಹಂಚಿಕೆ ನಡೆದುಕೊಂಡು ಬಂದಿದೆ, ಯಾರಿಗೆ ಎಷ್ಟು ಎಂಬುದು ಮೊದಲೇ ಬರೆದಿಟ್ಟಿರುವುದರಿಂದ. ಅನಿಲದಲ್ಲಿ ನೆಲ ಕೊಟ್ಟವನ ಪಾಲನ್ನು ಹಾಗೆ ಬರೆದಿಟ್ಟವರಿಲ್ಲ.

ಶೇ. 10ರ ಕಲಮನ್ನು ಕೇಂದ್ರ ಕಿತ್ತುಹಾಕಬೇಕು. ಕೊಳವೆ ಹಾದ ನೆಲಕ್ಕೆ ವರ್ಷ ವರ್ಷವೂ ಬಾಡಿಗೆ ಸಲ್ಲಬೇಕು. ಅದನ್ನು ಕೇಂದ್ರದ ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲ ನಿಯಂತ್ರಣ ಮಂಡಳಿ ಗೊತ್ತುಮಾಡುವ ಸಾಗಣೆ ದರದಲ್ಲೇ ಸೇರಿಸಿ, ಅನಿಲ ಉರಿಸುವ ನಗರದಿಂದ ವಸೂಲು ಮಾಡಬೇಕು. ಬೆಂಗಳೂರಿನ ಬಿಲ್ ಸ್ವಲ್ಪ ಏರುತ್ತದೆ, ಏರಲಿ. 1956ರ ಕಾಯ್ದೆಯಡಿ ಹುಟ್ಟಿದ ದಕ್ಷಿಣ ವಲಯ ಮಂಡಳಿಯಲ್ಲಿ ಮೂರೂ ರಾಜ್ಯಗಳಿಗೆ ಕುರ್ಚಿಯಿದೆ. ಅಲ್ಲಿ ಈ ಪ್ರಸ್ತಾವವನ್ನು ಮೊದಲು ಮಂಡಿಸಬೇಕಾದದ್ದು ಅನಿಲ ಪಡೆಯುವ ಕರ್ನಾಟಕ, ತಮಿಳುನಾಡು ಕೇಳುವವರೆಗೆ ಕಾಯದೆ.